ಬಾಣಂತನದ ಯಜಮಾನಿ

ಊರಿಗೆ ಆಸ್ಪತ್ರೆ ಬಂದೊಡನೆ ಮನೆಯ ಅಡುಗೆಯೂ ಸುಧಾರಿಸುತ್ತದೆಂಬ ಭಾವನೆ ನಮ್ಮ ವಿದ್ಯಾವಂತರಲ್ಲಿ ಬಹುಕಾಲದಿಂದ ನೆಲೆಸಿದೆ. ಈ ಭಾವನೆಯನ್ನು ಒರೆಗೆ ಹಚ್ಚಿ ನೋಡುವುದಕ್ಕೆ ರಾಮನಗರ ಸೀಮೆಗಿಂತ ತಕ್ಕ ನೆಲ ಕನ್ನಡನಾಡಿನಲ್ಲಿ ಹೆಚ್ಚಿಲ್ಲ. 1929ರಲ್ಲಿ ಮಂಡ್ಯದಲ್ಲಿಯೂ, 1936ರಲ್ಲಿ ಆಗಿನ್ನೂ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ರಾಮನಗರದಲ್ಲಿಯೂ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ಪಡೆದು ಆರೋಗ್ಯ ಘಟಕಗಳನ್ನು ತೆರೆಯಿತು. ರೋಗಿ ಬರಲೆಂದು ಕಾದು ಕೂರದೆ, ತಾನೇ ಜನರ ಬಳಿಗೆ ಹೋಗಿ ರೋಗವನ್ನು ತಡೆಯುವುದು ಅವುಗಳ ಉದ್ದೇಶ. ಆಮೇಲೆ 1975ರಲ್ಲಿ ತಿರುಮಕೂಡಲು ನರಸೀಪುರದಿಂದ ಮೊದಲುಗೊಂಡು ರಾಜ್ಯದಲ್ಲಿ ಅಂಗನವಾಡಿಗಳು ಹಬ್ಬಿದುವು. 2005ರ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಆಶಾ ಕಾರ್ಯಕರ್ತೆಯರು ಬಂದರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು 2007ರಲ್ಲಿ ಕೂಡಿ ಒಂದು ಜಿಲ್ಲೆಯಾದುವು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣವೆಂಬ ಹೆಸರನ್ನಿಡಲು ಸಚಿವ ಸಂಪುಟ ತೀರ್ಮಾನಿಸಿತು. ಊರಿನ ಹೆಸರು ಬದಲಾದಷ್ಟು ಬೇಗ ಬಾಣಂತಿಯ ಪಥ್ಯ ಬದಲಾಗಿಲ್ಲ.

ಬದಲಾದದ್ದು ಏನೂ ಇಲ್ಲವೆಂದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಿಯೇ ಆಗುತ್ತಿದ್ದುವು. ಇದು ಸಣ್ಣ ಸಾಧನೆಯಲ್ಲ. ಆದರೆ ಅದೇ ಸಮೀಕ್ಷೆಯಲ್ಲಿ, ಹುಟ್ಟಿದ ಮೊದಲ ಗಂಟೆಯೊಳಗೆ ತಾಯಿಯ ಹಾಲು ಕುಡಿದ ಕೂಸುಗಳು ಅರ್ಧಕ್ಕಿಂತ ತುಸು ಕಡಿಮೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಆಸ್ಪತ್ರೆಯೊಳಗೇ ಮೊದಲ ಗಂಟೆ ತಪ್ಪಿಹೋಗುವುದಕ್ಕೆ ಅಜ್ಜಿಯೊಬ್ಬಳನ್ನೇ ದೂರುವುದು ನ್ಯಾಯವಲ್ಲ. ಅದರ ಹೊಣೆಯಲ್ಲಿ ಆಸ್ಪತ್ರೆಗೂ ಪಾಲಿದೆ. ಆದರೆ ಕೂಸು ಮನೆ ಸೇರಿದ ಮೇಲೆ ಅಧಿಕಾರ ಯಾರದು ಎಂಬ ಪ್ರಶ್ನೆ ಬೇರೆ.

ಚೊಚ್ಚಲ ಬಸುರಿ ತವರಿಗೆ ಹೋಗುತ್ತಾಳೆ. ಅಲ್ಲಿ ಬಾಣಂತನದ ಯಜಮಾನಿ ಅವಳ ತಾಯಿ, ಇಲ್ಲವೆ ಅಜ್ಜಿ. ಗಂಡನ ಮನೆಯಲ್ಲಾದರೆ ಅತ್ತೆ. ಏನು ತಿನ್ನಬೇಕು, ಎಷ್ಟು ನೀರು ಕುಡಿಯಬೇಕು, ಕೂಸಿನ ಬಾಯಿಗೆ ಮೊದಲು ಏನು ಮುಟ್ಟಿಸಬೇಕು, ಎಲ್ಲವೂ ಅವರ ಅಪ್ಪಣೆ. ಆದರೆ ನಮ್ಮ ಕಾರ್ಯಕ್ರಮಗಳು ಉಪದೇಶ ಮಾಡುವುದು ಇಪ್ಪತ್ತರ ಹರೆಯದ ಹುಡುಗಿಗೆ. ಅವಳು ಎಲ್ಲಕ್ಕೂ ಹೂಂಗುಟ್ಟುತ್ತಾಳೆ. ಕಾರ್ಯಕರ್ತೆ ಪುಸ್ತಕದಲ್ಲಿ ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋಗುತ್ತಾಳೆ. ಒಲೆಯ ಮುಂದೆ ಕುಳಿತವಳನ್ನು ಯಾರೂ ಮಾತನಾಡಿಸಿಲ್ಲ!

ಆ ಯಜಮಾನಿಯ ಶಾಸ್ತ್ರವೆಲ್ಲ ಮೂಢನಂಬಿಕೆಯೆಂದು ತಳ್ಳಿಹಾಕುವವರ ಗುಂಪಿನಲ್ಲಿ ನಾನಿಲ್ಲ. ಬಾಣಂತಿಗೆ ವಿಶ್ರಾಂತಿ, ಎಣ್ಣೆನೀರು, ತುಪ್ಪ, ಮೆಣಸು ಬೆಳ್ಳುಳ್ಳಿಯ ಬಿಸಿ ಸಾರು: ದುಡಿದು ಸೊರಗುವ ಹೆಣ್ಣಿಗೆ ಬದುಕಿನಲ್ಲಿ ಒಮ್ಮೆಯಾದರೂ ಆರೈಕೆ ದೊರಕುವಂತೆ ಮಾಡಿದ ಏರ್ಪಾಡು ಇದು. ಜೊತೆಗೇ ಕೆಡುಕೂ ಉಂಟು. ಮೊದಲ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವುದು, ಕೂಸಿಗೆ ಜೇನುತುಪ್ಪವನ್ನೋ ಹರಳೆಣ್ಣೆಯನ್ನೋ ನೆಕ್ಕಿಸುವುದು, ಶೀತವೆಂದು ಸೊಪ್ಪನ್ನೂ, ವಾಯುವೆಂದು ಅವರೆ ಮೊದಲಾದ ಕಾಳುಗಳನ್ನೂ ದೂರವಿಡುವುದು, ನೀರನ್ನು ಅಳೆದು ಕೊಡುವುದು. ಮಾಗಡಿಯ ಅವರೆಕಾಯಿಗೆ ಬೆಂಗಳೂರಿನ ಸಂತೆಯಲ್ಲಿ ಎಷ್ಟು ಹೆಸರಿದ್ದರೇನು, ಬೆಳೆದವನ ಮನೆಯ ಬಾಣಂತಿಗೆ ಅದು ವರ್ಜ್ಯ. ಬಸುರಿನಲ್ಲಿ ಹೆಚ್ಚು ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾದೀತೆಂದು ಕಡಿಮೆ ಉಣ್ಣುವುದೂ ಉಂಟು. ಕಬ್ಬಿಣಾಂಶದ ಮಾತ್ರೆಗೆ ಹೆದರುವುದೂ ಇದೇ ಕಾರಣಕ್ಕೆ. ಹೆರಿಗೆಯಲ್ಲಿ ಸತ್ತವರನ್ನು ಕಂಡ ತಲೆಮಾರಿನ ಭಯವಿದು, ಭಿತ್ತಿಪತ್ರದಿಂದ ಅಳಿಸಿಹೋಗುವಂಥದಲ್ಲ.

ಇದೇ ಯಜಮಾನಿಯ ಕೈಯಲ್ಲಿ ಇನ್ನೊಂದು ವಿದ್ಯೆಯೂ ಇದೆ: ರಾಗಿಯ ಸರಿ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ನಸುವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಜಾಲಿಸಿದ ಹಿಟ್ಟು. ನೂರು ಗ್ರಾಂ ರಾಗಿಯಲ್ಲಿ ಸುಮಾರು 344 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿ ಗೋಧಿಗಳು ಹತ್ತಿರಕ್ಕೂ ಬಾರವು. ಮೊಳಕೆಯ ಗುಟ್ಟು ಇದಕ್ಕಿಂತ ಸ್ವಾರಸ್ಯವಾದುದು. ಬರಿಯ ಹಿಟ್ಟಿನ ಗಂಜಿ ಕುದಿದರೆ ಅಂಟಂಟಾಗಿ ಗಟ್ಟಿಯಾಗುತ್ತದೆ. ಕೂಸು ನುಂಗಲೆಂದು ನೀರು ಬೆರೆಸಿದರೆ ಹೊಟ್ಟೆ ತುಂಬುವುದು ನೀರಿನಿಂದ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಕತ್ತರಿಸುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳುವಾಗಿಯೇ ಉಳಿದು, ಪುಟ್ಟ ಹೊಟ್ಟೆಗೆ ಹೆಚ್ಚು ಸತ್ತ್ವ ಸೇರುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು 1982ರಲ್ಲಿ ಮೊಳಕೆ ರಾಗಿಗೆ ಮೊಳಕೆ ಹೆಸರುಕಾಳನ್ನು ಕೂಡಿಸಿ ಶಿಶು ಆಹಾರವೊಂದನ್ನು ರೂಪಿಸಿ ತೋರಿಸಿದರು. ಅಜ್ಜಿಯ ಮಡಕೆಗೆ ಪ್ರಯೋಗಶಾಲೆ ಸೇರಿಸಿದ್ದು ಒಂದು ಹಿಡಿ ಹೆಸರುಕಾಳು!

ಅಜ್ಜಿಯ ಸರಿಯಲ್ಲಿ ಕುಂದಿಲ್ಲವೆ? ಇದೆ. ಮೂರು ತಿಂಗಳಿಗೇ ಆರಂಭಿಸುವ ಮನೆಗಳುಂಟು; ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು. ತೀರ ತೆಳ್ಳಗೆ ಕಲಸುವುದು, ವರ್ಷವಾದರೂ ಬೇಳೆ, ಸೊಪ್ಪು, ಮೊಟ್ಟೆ ಯಾವುದನ್ನೂ ಮುಟ್ಟಿಸದಿರುವುದು ತಪ್ಪು. ಬಹಳ ನುಣುಪಾಗಿ ಜಾಲಿಸಿದರೆ ಹೊಟ್ಟಿನೊಂದಿಗೆ ಸುಣ್ಣದ ಅಂಶವೂ ಹೋಗುತ್ತದೆ. ಆದರೆ ಇವು ತಿದ್ದುಪಡಿಯ ಮಾತುಗಳು. “ನಿಮ್ಮ ಸರಿ ಒಳ್ಳೆಯದು ಅಜ್ಜಿ, ಇನ್ನೆರಡು ಚಮಚ ಹಿಟ್ಟು ಹೆಚ್ಚು ಹಾಕಿ” ಎಂದರೆ ಕೇಳುವವಳು, “ನಿಮ್ಮದು ಬೇಡ, ಈ ಪೊಟ್ಟಣ ತೆಗೆದುಕೊಳ್ಳಿ” ಎಂದರೆ ಮುಖ ತಿರುವುತ್ತಾಳೆ.

2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯನ್ನು ಈ ದೃಷ್ಟಿಯಿಂದ ನೋಡಬೇಕು. ಬಸುರಿಯರೂ ಬಾಣಂತಿಯರೂ ಅಂಗನವಾಡಿಗೇ ಬಂದು ಬಿಸಿಯೂಟ, ಹಾಲು, ಮೊಟ್ಟೆ, ಚಿಕ್ಕಿ ತಿನ್ನಲಿ ಎಂಬುದು ಏರ್ಪಾಡು. ಇದರ ಹಿಂದಿನ ಯೋಚನೆ ಬಲು ಸರಿಯಾದುದು. ಮನೆಗೆ ಹೋದ ಧಾನ್ಯ ಮನೆಯವರೆಲ್ಲರ ಪಾಲು. ಎಲ್ಲರೂ ಉಂಡ ಮೇಲೆ ಉಣ್ಣುವವಳಿಗೆ ತಾನೇ ಮೊದಲು ಕುಳಿತು ಉಣ್ಣುವ ಜಾಗವೊಂದು ದೊರಕಿತು. ಆದರೆ ಬಾಣಂತಿ ಹೊಸಿಲು ದಾಟುವುದಿಲ್ಲ. ತುಂಬು ಬಸುರಿ ಬಿಸಿಲಿನಲ್ಲಿ ನಡೆದು ಬರಲಾರಳು. ಹೆಸರು ಗಂಡನ ಊರಿನ ಪಟ್ಟಿಯಲ್ಲಿದ್ದರೆ ಹಸಿವು ತವರಿನಲ್ಲಿರುತ್ತದೆ. ಅನ್ನ ಹೆಚ್ಚು ಬೇಕಾದ ಕಾಲಕ್ಕೇ ಎಲೆ ಖಾಲಿ. ನಡೆಯಬಲ್ಲಷ್ಟು ದಿನ ಬಸುರಿ ಅಂಗನವಾಡಿಯಲ್ಲಿ ಉಣ್ಣಲಿ, ಬಾಣಂತಿಯ ಬುತ್ತಿ ಮನೆಗೆ ಹೋಗಲಿ ಎಂಬುದು ನನ್ನ ಅಭಿಪ್ರಾಯ. ಬುತ್ತಿ ಒಯ್ದವಳು ಅದನ್ನು ಯಜಮಾನಿಯ ಕೈಗೇ ಕೊಟ್ಟು ನಾಲ್ಕು ಮಾತನಾಡಿ ಬರಬೇಕು. ರಾಗಿಯ ನಾಡಿನಲ್ಲಿ ಆ ಬುತ್ತಿಯಲ್ಲಿ ಬರಿಯ ಅನ್ನವೇ ಏಕಿರಬೇಕು ಎಂದೂ ಕೇಳಬೇಕೆನಿಸುತ್ತದೆ.

ಅಜ್ಜಿಯರ ಕಾಲ ಮುಗಿಯಿತಲ್ಲ ಎನ್ನುವವರು ಬೆಳಗಿನ ಹೊತ್ತು ಬೆಂಗಳೂರು–ಮೈಸೂರು ರಸ್ತೆಯಲ್ಲಿ ನಿಂತು ನೋಡಬೇಕು. ಈ ಸೀಮೆಯ ಊರುಗಳಿಂದ ಹೆಣ್ಣುಮಕ್ಕಳು ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಬಸ್ಸು ಹತ್ತುತ್ತಾರೆ. 2017ರ ತಿದ್ದುಪಡಿ ಹತ್ತು ಮಂದಿ ಇರುವ ಕೆಲಸದ ಜಾಗಗಳಲ್ಲಿಯೂ ಮೊದಲೆರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತ ರಜೆ ಎಂದಿತು. ನಾಲ್ಕಾರು ಕೈಗಳ ರೇಷ್ಮೆ ನೂಲು ಬಿಚ್ಚುವ ಮನೆಗೆ ಆ ಕಾನೂನು ತಲುಪುವುದಿಲ್ಲ. ತಾಯಿ ಕೆಲಸಕ್ಕೆ ಮರಳಿದ ಮೇಲೆ ಕೂಸಿಗೆ ಸರಿ ಕಲಸಿ ಉಣಿಸುವವಳು ಮತ್ತೆ ಅದೇ ಅಜ್ಜಿ. ಮೊದಲು ಬಾಣಂತನದ ತಿಂಗಳುಗಳಿಗೆ ಮಾತ್ರ ಇದ್ದ ಅವಳ ಅಧಿಕಾರ ಈಗ ಎರಡು ವರ್ಷಕ್ಕೆ ಹಿಗ್ಗಿದೆ. ಅಂಗನವಾಡಿಯಲ್ಲಿ ಮಕ್ಕಳನ್ನು ತೂಗುವ ದಿನ ಅವಳಿಗೇ ಕರೆ ಹೋಗಲಿ. ಮೊಮ್ಮಗುವಿನ ತೂಕ ಏರಿತೋ ನಿಂತಿತೋ ಅವಳೇ ತಕ್ಕಡಿಯ ಪಕ್ಕದಲ್ಲಿ ನಿಂತು ನೋಡಲಿ. ಸರಿಗೆ ಹೆಸರುಕಾಳು ಬೆರೆಸಿದ ಪಕ್ಕದ ಬೀದಿಯ ಅಜ್ಜಿಯನ್ನು ಅವಳೇ ವಿಚಾರಿಸಿಕೊಳ್ಳಲಿ.