ಒಂದೇ ಎರಕದ ಎರಡು ಉಂಗುರ

ಕಳೆದ ಮಾಘ ಮಾಸದ ಒಂದು ಬೆಳಗ್ಗೆ ನಮ್ಮ ಬಳಗದ ಹಿರಿಯ ಸದಸ್ಯರೊಬ್ಬರ ಮನೆಗೆ ಹೋಗಿದ್ದೆವು. ಹಳ್ಳದ ದಂಡೆಯ ಮೂರು ಅಪ್ಪೆಮರಗಳು ಮೈತುಂಬ ಹೂ ಹೊತ್ತು ನಿಂತಿದ್ದವು. ಮರದಡಿಯಲ್ಲಿ ನಾಟಾ ವ್ಯಾಪಾರಿಯೊಬ್ಬರು ಟೇಪು ಹಿಡಿದು ಕಾಂಡದ ಸುತ್ತಳತೆ ತೆಗೆಯುತ್ತಿದ್ದರು. ನಮ್ಮನ್ನು ಕಂಡ ಯಜಮಾನರು ಒಂದು ಕ್ಷಣ ಮಾತು ತಡೆದರು. ಬಳಿಕ, "ಮಗಳ ನಿಶ್ಚಿತಾರ್ಥಕ್ಕೆ ದಿನ ಗೊತ್ತಾಗಿದೆ. ಜೋಡಿ ಉಂಗುರ ಆಗಬೇಕು. ಅಡಿಕೆಗೆ ಎಲೆಚುಕ್ಕಿ ರೋಗ ಬಂದ ಮೇಲೆ ಕೈಯಲ್ಲಿ ಏನೂ ಉಳಿದಿಲ್ಲ" ಎಂದರು.

ಹದಿನೈದು ವರ್ಷಗಳಿಂದ ಮರ ಉಳಿಸುವ ಸಭೆಗಳಲ್ಲಿ ನಮ್ಮ ಪಕ್ಕದಲ್ಲಿ ಕುಳಿತವರು ಅವರು. ಅವರನ್ನು ದೂರುವ ಮಾತು ನಮ್ಮಲ್ಲಿ ಯಾರ ಬಾಯಿಗೂ ಬರಲಿಲ್ಲ, ಬರಬಾರದು ಕೂಡ. 22 ಕ್ಯಾರೆಟ್ ಚಿನ್ನದ ದರ 2025ರಲ್ಲಿ ಗ್ರಾಮಿಗೆ 10 ಸಾವಿರ ರೂಪಾಯಿ ದಾಟಿತು. ನಾಲ್ಕು ನಾಲ್ಕು ಗ್ರಾಮಿನ ಎರಡು ಉಂಗುರಗಳೆಂದರೆ ಆ ದರದಲ್ಲಿಯೇ ಚಿನ್ನಕ್ಕೆ 80 ಸಾವಿರ. ಮಜೂರಿ, ವೇಸ್ಟೇಜು, ತೆರಿಗೆ ಅದರ ಮೇಲೆ. ಇಷ್ಟು ಹಣ ಮಲೆನಾಡಿನ ಸಣ್ಣ ಹಿಡುವಳಿದಾರನಿಗೆ ಎಲ್ಲಿಂದ ಬರಬೇಕು? ಮಂಡಿಯ ಮುಂಗಡದಿಂದ, ಸೊಸೈಟಿಯ ಸಾಲದಿಂದ, ಇಲ್ಲವೇ ಅಜ್ಜ ಉಳಿಸಿಹೋದ ಮರದಿಂದ. ಹೀಗೆ ಬೆರಳಿಗೊಂದು ಉಂಗುರ ಬರುವ ಹೊತ್ತಿಗೆ ಹಳ್ಳದ ದಂಡೆ ಬೋಳಾಗುತ್ತದೆ. ಈ ಸಂಚಿಕೆಯಲ್ಲಿ ಜೋಡಿ ಉಂಗುರದ ಬಗ್ಗೆ ಬರೆಯಲು ಕಾರಣ ಇದೇ.

ಮದುವೆಯ ಸಂಭ್ರಮಕ್ಕೆ ನಾವು ವಿರೋಧಿಗಳಲ್ಲ. ಇಬ್ಬರು ಒಬ್ಬರಿಗೊಬ್ಬರು ಏನನ್ನಾದರೂ ತೊಡಿಸಬೇಕೆಂದು ಬಯಸುವುದು ಸಹಜ, ಸುಂದರ ಕೂಡ. ಆದರೆ ಗಂಡಿಗೂ ಹೆಣ್ಣಿಗೂ ಒಂದೇ ಮಾದರಿಯ ಚಿನ್ನದ ಉಂಗುರವೆಂಬುದು ನಮ್ಮ ಸೀಮೆಯ ಬಹುತೇಕ ಮನೆಗಳಿಗೆ ಇತ್ತೀಚೆಗೆ ಬಂದ ರೂಢಿ. ನಮ್ಮ ಹಿರಿಯರ ಮದುವೆಗಳಲ್ಲಿ ತಾಳಿಯಿತ್ತು, ಬೆಳ್ಳಿಯ ಕಾಲುಂಗುರವಿತ್ತು, ನೀರು ತುಂಬಿದ ಪಾತ್ರೆಯಲ್ಲಿ ವಧೂವರರು ಉಂಗುರ ಹುಡುಕುವ ಆಟವಿತ್ತು. ವೈದಿಕ ಕರ್ಮ ಮಾಡುವವರು ಬೆರಳಿಗೆ ತೊಡುವ ಪವಿತ್ರವಂತೂ ದರ್ಭೆಯಿಂದ ಹೆಣೆದ ಉಂಗುರ. ಕಾರ್ಯ ಮುಗಿದೊಡನೆ ಬಿಚ್ಚಿ ಮಣ್ಣಿಗೆ ಬಿಡುವಂಥದು. ಮಲೆನಾಡಿನವರೇ ಆದ ಕುವೆಂಪು ಅವರು ಆಡಂಬರವಿಲ್ಲದ ವಿವಾಹಕ್ಕೆ 'ಮಂತ್ರ ಮಾಂಗಲ್ಯ'ದ ದಾರಿ ತೋರಿದರು. 1966ರಲ್ಲಿ ಅವರ ಪುತ್ರ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಆ ರೀತಿಯಲ್ಲೇ ನಡೆಯಿತು. ಸರಳತೆಯ ಪಾಠವನ್ನು ನಾವು ದೂರದ ಊರಿನಿಂದ ತರಬೇಕಾಗಿಲ್ಲ.

ಇನ್ನು ಚಿನ್ನದ ಲೆಕ್ಕಕ್ಕೆ ಬರೋಣ. ಅಂಗಡಿಯ ಕೆಂಪು ಡಬ್ಬಿಯೊಳಗಿನ ಉಂಗುರಕ್ಕೆ ಊರು, ಬೆಟ್ಟ, ನದಿ ಯಾವುದರ ಗುರುತೂ ಇರುವುದಿಲ್ಲ. ಆದರೆ ನಮ್ಮ ರಾಜ್ಯದಲ್ಲಿ ಆ ಗುರುತು ಕಣ್ಣಿಗೆ ಕಾಣುವಂತೆ ಬಿದ್ದಿರುವ ಜಾಗವೊಂದಿದೆ. ಕೋಲಾರದ ಚಿನ್ನದ ಗಣಿಗಳಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರ ದಶಕದಲ್ಲಿ ದೊಡ್ಡ ಪ್ರಮಾಣದ ಕೆಲಸ ಆರಂಭಿಸಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಅಲ್ಲಿಂದ ಹೊರಬಂದ ಚಿನ್ನ ಸುಮಾರು 800 ಟನ್. ಇದಕ್ಕಾಗಿ ಮನುಷ್ಯರು ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದರು. ಬಂಡೆ ಸಿಡಿದು ಸತ್ತವರು, ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕಳೆದುಕೊಂಡವರು ಅಲ್ಲಿನ ಕಾರ್ಮಿಕ ಕುಟುಂಬಗಳಲ್ಲಿ ಅನೇಕರು. ಚಿನ್ನ ಊರು ಬಿಟ್ಟು ಹೋಯಿತು. ಅದಿರನ್ನು ಪುಡಿಮಾಡಿ, ಸೈನೈಡಿನಲ್ಲಿ ತೊಳೆದು ಉಳಿದ ಮೂರು ಕೋಟಿ ಟನ್ನಿಗೂ ಹೆಚ್ಚಿನ ತ್ಯಾಜ್ಯ ಮಾತ್ರ ಅಲ್ಲೇ ದಿಬ್ಬ ದಿಬ್ಬವಾಗಿ ಉಳಿಯಿತು. ಬೇಸಿಗೆಯ ಗಾಳಿಗೆ ಆ ಬೂದುಧೂಳು ಹಾರಿ ಊರಿನ ಮೇಲೆ ಕೂರುತ್ತದೆ.

ಆರಂಭದ ವರ್ಷಗಳಲ್ಲಿ ಆ ಗಣಿಯ ಒಂದು ಟನ್ ಅದಿರಿಗೆ 40 ಗ್ರಾಮಿಗೂ ಹೆಚ್ಚು ಚಿನ್ನ ದೊರೆಯುತ್ತಿತ್ತು. ಮುಚ್ಚುವ ಹೊತ್ತಿಗೆ ಅದು ಮೂರು ಗ್ರಾಮಿನ ಆಸುಪಾಸಿಗೆ ಇಳಿದಿತ್ತು. ವಿದ್ಯಾರ್ಥಿ ಮಿತ್ರರು ಈ ಗುಣಾಕಾರವನ್ನು ತಾವೇ ಮಾಡಿ ನೋಡಬಹುದು. ಎಂಟು ಗ್ರಾಮಿನ ಜೋಡಿ ಉಂಗುರದಲ್ಲಿ, 22 ಕ್ಯಾರೆಟ್ಟಿನ ಲೆಕ್ಕದಂತೆ, ಅಪ್ಪಟ ಚಿನ್ನ ಏಳು ಗ್ರಾಮಿಗಿಂತ ತುಸು ಹೆಚ್ಚು. ಟನ್ನಿಗೆ ಮೂರು ಗ್ರಾಮಿನಂತೆ ಹಿಡಿದರೆ ಅಷ್ಟಕ್ಕೆ ಸುಮಾರು ಎರಡೂವರೆ ಟನ್ ಅದಿರನ್ನು ಅರೆಯಬೇಕು. ಅದಿರನ್ನು ಮುಟ್ಟಲು ಅಗೆದು ಬಿಸುಟ ಕಲ್ಲುಮಣ್ಣು ಈ ಲೆಕ್ಕದಲ್ಲಿಲ್ಲ. ಟನ್ನಿಗೆ ಒಂದು ಗ್ರಾಂ ಸಿಕ್ಕರೂ ಸಾಕೆಂದು ಇಡೀ ಗುಡ್ಡವನ್ನೇ ಬಗೆಯುವ ತೆರೆದ ಗಣಿಗಳು ಇಂದು ಜಗತ್ತಿನಲ್ಲಿವೆ.

ಬೆಟ್ಟದ ಜನ ತಿಳಿಯಬೇಕಾದ ಇನ್ನೊಂದು ಸಂಗತಿಯಿದೆ. ನಮ್ಮ ಬ್ರಹ್ಮಗಿರಿಯಲ್ಲಿ ಹುಟ್ಟುವ ಕಾವೇರಿಯಿಂದ ಶಿವನಸಮುದ್ರದಲ್ಲಿ ವಿದ್ಯುತ್ ತೆಗೆದದ್ದು 1902ರಲ್ಲಿ. ಆ ಬೆಳಕು ಮೊದಲು ಹೋದದ್ದು ಯಾವ ಹಳ್ಳಿಗೂ ಅಲ್ಲ, ಕೋಲಾರದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದೂ ಅದರ ನಂತರ, 1905ರಲ್ಲಿ. ಬೆಟ್ಟದ ನೀರು ಯಾರಿಗಾಗಿ ಹರಿಯಬೇಕೆಂಬ ಪ್ರಶ್ನೆ ನಮ್ಮ ಕಾಲದಲ್ಲಿ ಹುಟ್ಟಿದ್ದಲ್ಲ.

ಕೋಲಾರ ಮುಚ್ಚಿತು, ಆದರೆ ನಮ್ಮ ಬೇಡಿಕೆ ಮುಚ್ಚಲಿಲ್ಲ. ರಾಯಚೂರು ಜಿಲ್ಲೆಯ ಹಟ್ಟಿಯ ಗಣಿ ಕೊಡುವುದು ದೇಶದ ಬಳಕೆಯ ಅತಿ ಸಣ್ಣ ಪಾಲನ್ನು; ಉಳಿದುದರಲ್ಲಿ ಬಹುಪಾಲು, ವರ್ಷವೊಂದಕ್ಕೆ ನೂರಾರು ಟನ್, ಹೊರದೇಶಗಳಿಂದ ಬರುತ್ತದೆ. ಅಲ್ಲಿಯೂ ಯಾರದೋ ಬೆಟ್ಟ, ಯಾರದೋ ಹೊಳೆ. 2000ದ ಜನವರಿ 30ರಂದು ರೊಮೇನಿಯಾದ ಬಾಯಾ ಮಾರೆಯ ಬಳಿ ಚಿನ್ನ ತೆಗೆಯುವ ಘಟಕವೊಂದರ ಕಟ್ಟೆ ಒಡೆದು, ಸೈನೈಡ್ ಬೆರೆತ ಸುಮಾರು ಒಂದು ಲಕ್ಷ ಘನ ಮೀಟರ್ ನೀರು ಹೊಳೆಗೆ ಹರಿಯಿತು. ಹಂಗೆರಿಯ ಟಿಸಾ ನದಿಯ ಮೀನುಗಳು ಸತ್ತು ತೇಲಿದವು. ಇತ್ತ ಅಮೆಜಾನ್ ಕಾಡಿನಲ್ಲಿ ಅಕ್ರಮವಾಗಿ ಚಿನ್ನ ಅರಸುವವರು ಬಳಸುವ ಪಾದರಸ ಮೀನಿನ ಮೂಲಕ ಆದಿವಾಸಿಗಳ ಮೈ ಸೇರುತ್ತಿದೆ. 2004ರ ಫೆಬ್ರವರಿಯಲ್ಲಿ, ಪ್ರೇಮಿಗಳ ದಿನದಂದೇ, ಅಮೆರಿಕದಲ್ಲಿ 'ನೋ ಡರ್ಟಿ ಗೋಲ್ಡ್' ಎಂಬ ಆಂದೋಲನ ಆರಂಭವಾಯಿತು. ಅದರ ಹಿಂದಿನ ಪ್ರಶ್ನೆ ತೀರ ಸರಳ: ಈ ಚಿನ್ನ ಎಲ್ಲಿಯದು?

ಪ್ರಶ್ನೆ ನಮ್ಮ ಮನೆಬಾಗಿಲಿಗೂ ಬಂದಿದೆ. ಗದಗ ಜಿಲ್ಲೆಯ ಕಪ್ಪತಗುಡ್ಡ ಔಷಧ ಸಸ್ಯಗಳಿಗೆ ಹೆಸರಾದ ಬೆಟ್ಟಸಾಲು. ಅದರ ಒಡಲಲ್ಲಿ ಚಿನ್ನವೂ ಇದೆ. ಅಲ್ಲಿ ಚಿನ್ನದ ಗಣಿಗಾರಿಕೆಯ ಪ್ರಸ್ತಾಪ ಎದ್ದಾಗ ಸುತ್ತಲಿನ ಜನ ಎದ್ದುನಿಂತರು. 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿದ ಸರ್ಕಾರ 2016ರಲ್ಲಿ ಅದನ್ನು ಹಿಂದೆಗೆದುಕೊಂಡಿತು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರು ಹೋರಾಟದ ಮುಂದಾಳುಗಳಾಗಿ ನಿಂತರು. 2017ರಲ್ಲಿ ಆ ಸ್ಥಾನಮಾನ ಮರಳಿತು. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ಬೆಟ್ಟ ಉಳಿಯಿತೆಂದು ನಾವೆಲ್ಲ ಹರ್ಷಪಟ್ಟೆವು. ಆದರೆ ಕಪ್ಪತಗುಡ್ಡ ಉಳಿಯಲೆಂದು ಸಹಿ ಹಾಕಿದ ಕೈ, ಚಿನ್ನದಂಗಡಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳದೆ ಹಣ ಎಣಿಸಿದರೆ, ಆ ಹರ್ಷದಲ್ಲಿ ಏನೋ ಕೊರತೆಯಿದೆ ಎಂದೇ ನಮ್ಮ ಭಾವನೆ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾವು ಬಲ್ಲೆವು. ಎರಡು ಉಂಗುರ ಬಿಟ್ಟರೆ ಗಣಿ ಮುಚ್ಚೀತೇ? ಇಲ್ಲ. ಬಡವರ ಮನೆಯ ಹೆಣ್ಣಿಗೆ ಕಷ್ಟಕಾಲಕ್ಕೆ ಆಗುವುದು ಚಿನ್ನವೊಂದೇ ಅಲ್ಲವೇ? ಈ ಮಾತು ತೂಕದ್ದು. ಗಂಡನ ಹೆಸರಿನಲ್ಲಿ ಪಹಣಿ ಇರುವ ಮನೆಯಲ್ಲಿ ಹೆಂಡತಿಯದೆಂದು ಹೇಳಬಹುದಾದುದು ಮೈಮೇಲಿನ ಒಡವೆ ಮಾತ್ರ. ಅದನ್ನು ಬಿಟ್ಟುಬಿಡಿ ಎಂದು ಉಪದೇಶಿಸುವ ಹಕ್ಕು ನಮಗಿಲ್ಲ. ನಾವು ಹೇಳುವುದು ಇಷ್ಟೇ: ಸಾಲದಿಂದಲೋ ಮರ ಕಡಿದೋ ತಂದ ಉಂಗುರ ಆಪತ್ಕಾಲದ ಧನವಾಗುವುದಿಲ್ಲ, ಅದೇ ಆಪತ್ತಿನ ಮೊದಲ ಕಂತಾಗುತ್ತದೆ. ಚಿನ್ನ ಬೇಕೇ ಬೇಕೆಂದಾದರೆ, ಈಗಾಗಲೇ ನೆಲದಿಂದ ಮೇಲೆ ಬಂದಿರುವ ಚಿನ್ನ ನಮ್ಮ ಪೆಟ್ಟಿಗೆಗಳಲ್ಲೇ ಇದೆ. ಭಾರತದ ಮನೆಗಳಲ್ಲಿ 20 ಸಾವಿರ ಟನ್ನಿಗೂ ಹೆಚ್ಚು ಚಿನ್ನವಿದೆಯೆಂಬುದು ಬಲ್ಲವರ ಅಂದಾಜು. ಚಿನ್ನಕ್ಕೆ ತುಕ್ಕಿಲ್ಲ, ಮುಪ್ಪಿಲ್ಲ. ಎಷ್ಟು ಸಲ ಕರಗಿಸಿದರೂ ಅದು ಚಿನ್ನವೇ.

ಆ ಮನೆಯಲ್ಲಿ ಈ ಮಾತನ್ನು ತೆಗೆದವರು ನಾವಲ್ಲ, ಮದುಮಗಳೇ. "ಅಪ್ಪಾ, ಅಜ್ಜಿಯ ಬುಗುಡಿ ಪೆಟ್ಟಿಗೆಯಲ್ಲಿ ಹಾಗೇ ಇದೆಯಲ್ಲ" ಎಂದಳು. ಅಜ್ಜಿ ಎರಡು ದಿನ ಉತ್ತರ ಕೊಡಲಿಲ್ಲ. ಅದು ಅವರ ತಾಯಿ ಕೊಟ್ಟದ್ದು. ಕರಗಿಸಿದರೆ ಆ ಕುಸುರಿ ಮತ್ತೆ ಬಾರದು. ಹಳೆಯ ಒಡವೆ ಕರಗಿಸಿ ಎಂದು ಬರೆಯುವುದು ಸುಲಭ. ಮೂಸೆಗೆ ಹೋಗುವುದು ಬರೀ ಲೋಹವಲ್ಲ ಎಂಬುದನ್ನು ಆ ಎರಡು ದಿನ ನಮಗೆ ಕಲಿಸಿದವು. ಕೊನೆಗೆ ಅಜ್ಜಿ ಒಂದು ಬುಗುಡಿಯನ್ನು ತಮ್ಮಲ್ಲೇ ಇಟ್ಟುಕೊಂಡು ಇನ್ನೊಂದನ್ನು ಕೊಟ್ಟರು. ಹುಡುಗನ ತಾಯಿ ತಮ್ಮ ತುಂಡಾದ ಸರವನ್ನು ತಂದರು. ಪೇಟೆಯ ಅಕ್ಕಸಾಲಿಗರೊಬ್ಬರು ಎರಡನ್ನೂ ಎಲ್ಲರ ಎದುರಿಗೇ ತೂಗಿ, ಒಂದೇ ಮೂಸೆಯಲ್ಲಿ ಕರಗಿಸಿ, ಬಂದ ಚಿನ್ನದ ಶುದ್ಧತೆ ನೋಡಿ, ಒಂದೇ ಕಡ್ಡಿ ಎಳೆದು ಎರಡಾಗಿ ತುಂಡರಿಸಿದರು. ಎರಡೂ ಸೇರಿ ಐದೂವರೆ ಗ್ರಾಂ. ಅಂಗಡಿಯ ಗಾಜಿನೊಳಗೆ ಒಂದೇ ವಿನ್ಯಾಸದ ನೂರು ಜೋಡಿಗಳಿರಬಹುದು. ಎರಡು ಮನೆಗಳ ಚಿನ್ನ ಬೆರೆತ ಒಂದೇ ಎರಕದ ಜೋಡಿ ಇದೊಂದೇ.

ಈ ದಾರಿ ಹಿಡಿಯುವವರಿಗೆ ನಾಲ್ಕು ಮಾತು. ಹಳೆಯ ಒಡವೆಗಳಲ್ಲಿ ಬೆಸುಗೆ, ಅರಗು, ಕಲ್ಲು ಸೇರಿರುತ್ತವೆ. ಆದುದರಿಂದ ಕರಗಿದ ಮೇಲೆ ತೂಕ ಇಳಿಯುವುದು ಸಹಜ. ಕರಗಿಸುವ ಮೊದಲು ಮತ್ತು ನಂತರ, ಎರಡು ಸಲವೂ ತೂಕವನ್ನು ಬರೆದುಕೊಳ್ಳಿ. ಒಡವೆಯನ್ನು ಬಿಟ್ಟುಬರಬೇಡಿ, ಎದುರಿಗೇ ಕೆಲಸ ಮಾಡಿಸಿ. ಕ್ಯಾಡ್ಮಿಯಂ ಬೆರೆತ ಕೆಡಿಎಂ ಬೆಸುಗೆ ಬೇಡವೆನ್ನಿ. ಆ ಹೊಗೆ ಹಾಳುಮಾಡುವುದು ಕೆಲಸಗಾರನ ಶ್ವಾಸಕೋಶವನ್ನು.

ಹೊಸದನ್ನೇ ಕೊಳ್ಳುವವರು ಹಾಲ್‌ಮಾರ್ಕಿನ ಮೂರು ಗುರುತುಗಳನ್ನು ಭೂತಗನ್ನಡಿಯಲ್ಲಿ ನೋಡಲಿ: ಭಾರತೀಯ ಮಾನಕ ಬ್ಯೂರೋದ ಚಿಹ್ನೆ, 22ಕೆ916 ಎಂಬಂತೆ ಶುದ್ಧತೆಯ ಅಂಕಿ, ಅಕ್ಷರ ಮತ್ತು ಅಂಕಿ ಬೆರೆತ ಆರು ಸ್ಥಾನದ ಸಂಖ್ಯೆ. 2023ರ ಏಪ್ರಿಲ್ ಒಂದರಿಂದ ಕಡ್ಡಾಯ ಹಾಲ್‌ಮಾರ್ಕ್ ಇರುವ ಜಿಲ್ಲೆಗಳಲ್ಲಿ ಈ ಸಂಖ್ಯೆಯೂ ಕಡ್ಡಾಯ. ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ತಾಳೆ ನೋಡಬಹುದು. ಆದರೆ ಹಾಲ್‌ಮಾರ್ಕ್ ಹೇಳುವುದು ಚಿನ್ನ ಎಷ್ಟು ಶುದ್ಧ ಎಂಬುದನ್ನು ಮಾತ್ರ. ಅದು ಬಂದ ದಾರಿ ಎಷ್ಟು ಶುದ್ಧ ಎಂಬುದನ್ನಲ್ಲ. ಆ ಪ್ರಶ್ನೆಯನ್ನು ನಾವೇ ಕೇಳಬೇಕು. ಅಂಗಡಿಯವರಿಗೆ ಉತ್ತರ ಗೊತ್ತಿರಲಿಕ್ಕಿಲ್ಲ; ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗಾಗಿ ಅವರು ವಿಚಾರಿಸಿಯಾರು.

ಆಯ್ಕೆಯಲ್ಲಿಯೂ ವಿವೇಕವಿರಲಿ. ಕತ್ತಿ, ಗುದ್ದಲಿ ಹಿಡಿಯುವ ಕೈಗೆ ಕಲ್ಲು ಕೂರಿಸಿದ ಉಂಗುರ ಹೊಂದದು. ಯಂತ್ರದ ಬಳಿ ಉಂಗುರವೇ ಅಪಾಯ, ಕೆಲಸದ ವೇಳೆ ತೆಗೆದಿಡಿ. ಮಳೆಗಾಲದ ಚಳಿಯಲ್ಲಿ ಬೆರಳು ಸೊರಗಿರುತ್ತದೆ, ಬಿಸಿಲಿನಲ್ಲಿ ಉಬ್ಬುತ್ತದೆ; ಅಳತೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ಎರಡು ಸಲ ತೆಗೆಸಿ. ನಯವಾದ ಸಾದಾ ಉಂಗುರಕ್ಕೆ ಮಜೂರಿ ಕಡಿಮೆ, ಬಾಳಿಕೆ ಹೆಚ್ಚು. ಬೆಳ್ಳಿಯೇ ಸಾಕೆನ್ನುವವರನ್ನು ಹಗುರವಾಗಿ ಕಾಣುವ ನೆಂಟರಿದ್ದರೆ, ನಾಚಬೇಕಾದವರು ಆ ನೆಂಟರು.

ಹಳ್ಳದ ದಂಡೆಯ ಕಥೆ ಪೂರ್ತಿ ಸುಖದ್ದಲ್ಲ. ಮುಂಗಡ ಪಡೆದಿದ್ದ ಒಂದು ಅಪ್ಪೆಮರ ಆ ವಾರವೇ ಉರುಳಿತು, ಹೂವಿನ ಸಮೇತ. ಉಳಿದ ಎರಡು ಮರಗಳು ಉಪ್ಪಿನಕಾಯಿಗೆ ಮಿಡಿ ಕೊಟ್ಟವು. ಬಿದ್ದ ಮರದ ಜಾಗದಲ್ಲಿ ಮಳೆಗಾಲದ ಆರಂಭಕ್ಕೆ ಹೊಸ ಜೋಡಿ ಒಂದು ಕಸಿ ಗಿಡ ನೆಟ್ಟಿದೆ. ಅದು ಮೊದಲಿನ ಮರದಷ್ಟಾಗಲು ಅವರ ಮಕ್ಕಳ ಕಾಲ ಬರಬೇಕು.

ನಿಮ್ಮ ಊರಿನಲ್ಲಿಯೂ ಬರುವ ಮಾಘ, ಫಾಲ್ಗುಣಗಳಲ್ಲಿ ಮದುವೆಗಳಿರುತ್ತವೆ. ನಾಟಾ ವ್ಯಾಪಾರಿ ಅಂಗಳಕ್ಕೆ ಬರುವ ಮುನ್ನ ಮನೆಮಂದಿಯೆಲ್ಲ ಕುಳಿತು, ಹಳೆಯ ಪೆಟ್ಟಿಗೆಯನ್ನೊಮ್ಮೆ ತೆರೆಯಿರಿ. ಹಾಗೆ ಮಾಡಿದವರು ತಮ್ಮ ಅನುಭವವನ್ನು ನಮಗೆ ಬರೆದು ಕಳುಹಿಸಿ. ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.