ಆಟದಲ್ಲೂ ಕನ್ನಡಿಗ ಅನಾಥನೇ?

ಕನ್ನಡದ ಯುವಕರೇ, ರಾತ್ರಿಯಿಡೀ ‘ಏಜ್ ಆಫ್ ಎಂಪೈರ್ಸ್ 2’ ಆಡುತ್ತೀರಲ್ಲ, ನಿಮ್ಮ ಸೈನಿಕ ಯಾವ ಭಾಷೆಯಲ್ಲಿ ಓಗೊಡುತ್ತಾನೆಂದು ಎಂದಾದರೂ ಕೇಳಿಸಿಕೊಂಡಿದ್ದೀರಾ?

ಮೊದಲು ಇಡೀ ಭಾರತಕ್ಕೆ ಅಲ್ಲಿದ್ದದ್ದು ‘ಇಂಡಿಯನ್ಸ್’ ಎಂಬ ಒಂದೇ ನಾಗರಿಕತೆ. 2022ರಲ್ಲಿ ಅದನ್ನು ಒಡೆದು ಹಿಂದೂಸ್ಥಾನಿ, ಬಂಗಾಳಿ, ಗುರ್ಜರ, ದ್ರಾವಿಡ ಎಂದು ನಾಲ್ಕು ಮಾಡಿದರು. ದಕ್ಷಿಣಕ್ಕೆಲ್ಲ ಒಂದೇ ಗಂಟು! ಆ ದ್ರಾವಿಡರ ಮಾತು ತಮಿಳು, ಕಥೆ ರಾಜೇಂದ್ರ ಚೋಳನದು. ತಮಿಳರಿಗೆ ಸಿಕ್ಕಿದ್ದು ನ್ಯಾಯವೇ. ನಮ್ಮ ಪಾಲು ಎಲ್ಲಿ? ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದದ್ದು, 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪಡೆ ಚೋಳರನ್ನು ಸೋಲಿಸಿದ್ದು ಯಾರ ಲೆಕ್ಕಕ್ಕೆ?

ಗೊಣಗಿ ಫಲವಿಲ್ಲ. ಆ ‘ಇಂಡಿಯನ್ಸ್’ ಕೂಡ ಹುಟ್ಟಿದ್ದು ಕಂಪನಿಯಲ್ಲಲ್ಲ. ಆಟಗಾರರೇ ಸೇರಿ ಕಟ್ಟಿದ ‘ಫರ್ಗಾಟನ್ ಎಂಪೈರ್ಸ್’ ಎಂಬ ಮಾಡ್‌ನಲ್ಲಿ. 2013ರಲ್ಲಿ ಅದೇ ಅಧಿಕೃತವಾಯಿತು. ನಿಮ್ಮಿಂದ ಯಾಕಾಗದು?

ಆದರೆ ಎಚ್ಚರ! ಬಾವುಟದ ಬಣ್ಣ, ರಾಜನ ಹೆಸರು ಬದಲಿಸಿ ‘ಕನ್ನಡಿಗರು’ ಎನ್ನಬೇಡಿ. ಪ್ರೆಸ್ ನಡೆಸುವವನು ಹೇಳುತ್ತೇನೆ: ರಕ್ಷಾಪುಟ ಬದಲಿಸಿದರೆ ಹೊಸ ಪುಸ್ತಕವಾಗದು. ಆಡುವ ರೀತಿಯೇ ಬೇರೆಯಾಗಬೇಕು. ಸೈನಿಕ ಸತ್ತಲ್ಲಿ ವೀರಗಲ್ಲು ಏಳಲಿ, ಅದರ ಸುತ್ತಲಿನ ಪಡೆಗೆ ಬಲ ಬರಲಿ. ತಕ್ಕೋಲದ ಗೆಲುವು ಸಾರುವ ಆತಕೂರಿನ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲೇ ಇದೆ, ಹೋಗಿ ನೋಡಿ. ಕೆರೆ ಕಟ್ಟಿದವನ ಹೊಲಕ್ಕೆ ಫಸಲು ಹೆಚ್ಚಲಿ. ಮಹಾಕಟ್ಟಡವಾಗಿ ಹಳೇಬೀಡಿನ ಹೊಯ್ಸಳೇಶ್ವರ ನಿಲ್ಲಲಿ. ಎಲ್ಲಕ್ಕಿಂತ ಮೊದಲು, ಸೈನಿಕ ಕನ್ನಡದಲ್ಲಿ ಓಗೊಡಲಿ!

ನಮ್ಮ ಚರಿತ್ರೆಯನ್ನು ನಾವು ಕಟ್ಟದಿದ್ದರೆ, ಬೇರೆಯವರು ಕಟ್ಟಿದ ಚರಿತ್ರೆಯಲ್ಲಿ ನಾವು ಹೆಸರಿಲ್ಲದ ಕಾಲಾಳುಗಳು. ಏಳಿ, ಕೂಡಿ, ಕೆಲಸಕ್ಕೆ ಕೂರಿ!