ಕವಲು ಹವಳವೂ ಬಳ್ಳಾರಿಯ ಹೊಗೆಯೂ

ಬಳ್ಳಾರಿ ಬಳಿಯ ಹಲಕುಂದಿಯ ಬಯಲಿನಲ್ಲಿ ನಿಂತವನಿಗೆ ಕಡಲು ದೂರದ ಸುದ್ದಿ. ಆದರೆ 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರು ರಾಜ್ಯವನ್ನು ಸೇರುವವರೆಗೆ ಈ ಬಯಲೂ, ಅಂದು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಅಮೀನಿ, ಕಡಮತ್, ಕಿಲ್ತಾನ್ ಮೊದಲಾದ, ಇಂದಿನ ಲಕ್ಷದ್ವೀಪದ ಹವಳದ್ವೀಪಗಳೂ ಒಂದೇ ಮದರಾಸು ಸರಕಾರದ ಆಳ್ವಿಕೆಯಲ್ಲಿದ್ದುವು. 1956ರಲ್ಲಿ ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದುವು. ಅವುಗಳೊಡನೆ ನಮಗಿರುವ ನಂಟು ಹರಿಯಲಿಲ್ಲ. ಈಗ ಅದು ಹೊಗೆಯ ನಂಟು: ಇಲ್ಲಿ ಸುಡುವ ಕಲ್ಲಿದ್ದಲಿನ ಹೊಗೆಗೂ ಅಲ್ಲಿಯ ಕಡಲನ್ನು ಕಾಯಿಸುವುದರಲ್ಲಿ ಪಾಲಿದೆ.

ಆ ದ್ವೀಪಗಳ ಸುತ್ತ ಜಿಂಕೆಯ ಕೊಂಬಿನಂತೆ ಕವಲೊಡೆಯುವ ಅಕ್ರೊಪೊರ ಎಂಬ ಹವಳದ ಪ್ರತಿಯೊಂದು ರೆಂಬೆಯ ತುದಿಯಲ್ಲಿಯೂ ಒಂದು ಮುಂದಾಳು ಜೀವಿಯಿದ್ದು, ಅದು ಸುಣ್ಣವನ್ನು ಕಟ್ಟುತ್ತ ಮುಂದೆ ಸಾಗಿದಂತೆಲ್ಲ ಅದರ ಪಕ್ಕಗಳಲ್ಲಿ ಕಿರಿಯ ಜೀವಿಗಳು ಮೊಳೆಯುತ್ತವೆ. ಪಾಚಿಕಣಗಳು ಇನ್ನೂ ತುಂಬಿಕೊಳ್ಳದ ಆ ಎಳೆಯ ತುದಿ ಮಾಸಲು ಬಿಳಿಯಾಗಿ ಕಾಣುತ್ತದೆ. ಮಿಕ್ಕ ದೇಹದೊಳಗೆ ನೆಲಸಿದ ಪಾಚಿಗಳೇ ಬಿಸಿಲಿನಿಂದ ಆಹಾರವನ್ನು ಸಿದ್ಧಪಡಿಸಿ ಆತಿಥೇಯನನ್ನು ಸಾಕುವುದರಿಂದ, ಅನುಕೂಲವಾದ ನೀರಿನಲ್ಲಿ ಈ ಹವಳ ವರ್ಷಕ್ಕೆ ಹತ್ತು ಸೆಂಟಿಮೀಟರಿಗೂ ಮಿಕ್ಕಿ ಬೆಳೆಯಬಲ್ಲದು. ಆದರೆ ಬೇಸಗೆಯ ಗರಿಷ್ಠ ಉಷ್ಣತೆಯನ್ನು ಮೀರಿ ಒಂದೇ ಡಿಗ್ರಿಯ ಕಾವು ಕೆಲವು ವಾರ ನಿಂತರೆ ಸಾಕು, ಪಾಚಿ ಹೊರಬೀಳುತ್ತದೆ, ಹವಳ ಬಿಳಿಚಿ ಉಪವಾಸ ಬೀಳುತ್ತದೆ. 1998, 2010, 2016ರ ಕಾವಿಗೆ ಲಕ್ಷದ್ವೀಪದ ಹವಳಗಳು ಮತ್ತೆ ಮತ್ತೆ ಬಿಳಿಚಿದುವು. ಇಂಥ ಕಾವಿಗೆ ಗುಂಡು ಹವಳಗಳಿಗಿಂತ ಕವಲು ಹವಳಗಳೇ ಬೇಗ ಬಲಿಯಾಗುತ್ತವೆ.

2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ ಸೇರಿಸಲಾಯಿತು. ಕೀಳುವ ಕೈಯನ್ನು ಅದು ಹಿಡಿಯಬಲ್ಲದು, ಕಾವನ್ನು ಹಿಡಿಯಲಾರದು. ಮನ್ನಾರ್ ಕೊಲ್ಲಿಯಲ್ಲಿ ಮುರಿದ ರೆಂಬೆಗಳನ್ನು ಚೌಕಟ್ಟುಗಳಿಗೆ ಕಟ್ಟಿ ಮರಳಿ ನೆಡುವ ಕಾರ್ಯವು ಸ್ತುತ್ಯವೇ ಸರಿ. ಕಾಯುತ್ತಿರುವ ನೀರಿನಲ್ಲಿ ನೆಟ್ಟದ್ದು ಎಷ್ಟು ಕಾಲ ಬಾಳೀತೆಂಬುದನ್ನು ಮಾತ್ರ ಛಾಯಾಚಿತ್ರ ತೆಗೆಸಿಕೊಳ್ಳುವವರು ಹೇಳುವುದಿಲ್ಲ.

ಬಳ್ಳಾರಿ ಬಳಿಯ ಕುಡತಿನಿಯ 1700 ಮೆಗಾವ್ಯಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರವೊಂದರ ಹೊಗೆಯಿಂದಲೇ ಅರಬ್ಬೀ ಸಮುದ್ರ ಕಾಯುತ್ತದೆಯೇ ಎಂದು ಕೇಳುವವರುಂಟು. ಕಾಯದು, ನಿಜ. ಆದರೆ ಪ್ರತಿಯೊಂದು ಸ್ಥಾವರದ ಪರವಾಗಿಯೂ ಇದೇ ವಾದವನ್ನು ಹೂಡಬಹುದಾದ್ದರಿಂದ ಇದನ್ನು ಯಾರ ಬಾಯಿಂದಲೂ ಒಪ್ಪತಕ್ಕದ್ದಲ್ಲ. ಅಲ್ಲಿ ದುಡಿಯುವವರ ಅನ್ನಕ್ಕೆ ಬೇರೆ ದಾರಿ ತೋರಿಸದೆ ಮುಚ್ಚಿಬಿಡಿರೆನ್ನುವುದೂ ಅನ್ಯಾಯ. ವರ್ಷದ ಬಹುಪಾಲು ಬಿಸಿಲು ಸುರಿಯುವ ಈ ಸೀಮೆಯಲ್ಲಿ ಕಲ್ಲಿದ್ದಲಿನ ಘಟಕಗಳು ಯಾವ ವರ್ಷ ಸೌರವಿದ್ಯುತ್ತಿಗೆ ಎಡೆಗೊಡುವುವೆಂದು ಸರಕಾರ ದಿನಾಂಕ ಸಹಿತ ತಿಳಿಸಲಿ. ಆ ಉತ್ತರವನ್ನು ಲಕ್ಷದ್ವೀಪದ ಕವರತ್ತಿಯವರಿಗಿಂತ ಮೊದಲು ಬಳ್ಳಾರಿಯವರೇ ಕೇಳಿ ಪಡೆಯಬೇಕು.